ಕೂತು ಹಾಡಿರಿ

ನಮ್ಮೂರಿನ ದೇವಾಲಯಕ್ಕೆ, ಅಂದರೆ ಚರ್ಚಿಗೆ, ಹೊಸಬರು ಬಂದರೆ ಕಂಡುಹಿಡಿಯುವುದು ಎಂದೂ ಕಷ್ಟವಾಗಿರಲಿಲ್ಲ. ಮೊದಲ ಕೀರ್ತನೆ ಶುರುವಾಗುತ್ತಲೇ ಅವರು ಎದ್ದು ನಿಲ್ಲುತ್ತಿದ್ದರು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಎದ್ದು ನಿಂತು ಹಾಡುವುದೇ ರೂಢಿ, ಅವರದೇನೂ ತಪ್ಪಿಲ್ಲ. ಎದ್ದ ಮೇಲೆ ಆಚೆ ಈಚೆ ನೋಡುತ್ತಿದ್ದರು. ಊರಿಗೆ ಊರೇ ಕೂತಲ್ಲೇ ಕೂತು ಗಂಟಲು ಬಿಟ್ಟು ಹಾಡುತ್ತಿರುತ್ತಿತ್ತು. ಪಾಪ, ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ಮೆಲ್ಲಗೆ ಕೂರುತ್ತಿದ್ದರು. ಆಗ ಪಕ್ಕದವರು ಮೊಣಕೈಯಿಂದ ತಿವಿದು, ಉಪದೇಶ ಮಾಡುವ ಪ್ರಸಂಗಪೀಠದ ಮೇಲಿನ ಗೋಡೆಯನ್ನು ತೋರಿಸುತ್ತಿದ್ದರು. ಬಿಳಿ ಗೋಡೆಯ ಮೇಲೆ ಮೊಳದುದ್ದದ ನೀಲಿ ಅಕ್ಷರ: ಕೂತು ಹಾಡಿರಿ.

ಅದನ್ನು ಬರೆದವರು ನಮ್ಮಜ್ಜ. ಅವರಿಗೆ ಬರೆಯಲು ಹೇಳಿದ್ದು ‘ಕೂಡಿ ಹಾಡಿರಿ’ ಎಂದು. ಒಂದಕ್ಷರ ಹೆಚ್ಚುಕಮ್ಮಿಯಾಗಿ ಇಡೀ ಊರು ಕೂತುಬಿಟ್ಟಿತು. ಈ ಕತೆ ಹೇಳಿಕೊಂಡು ಊರು ಎರಡು ತಲೆಮಾರು ನಕ್ಕಿದೆ. ನಕ್ಕದ್ದು ಸಾಕು ಅಂತ ನನಗೆ ಅನ್ನಿಸಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗೊತ್ತಾದರೆ ನಮ್ಮತ್ತೆ, ಅಂದರೆ ಅಜ್ಜನ ಮಗಳು, ನನಗೆ ಚೆನ್ನಾಗಿ ಮಂಗಳಾರತಿ ಎತ್ತುತ್ತಾರೆ. ಎತ್ತಲಿ. ಇದು ಅವರದೇ ಕತೆ, ಆದರೆ ಅವರನ್ನು ಕೇಳಿದರೆ ಎಂದೂ ಹೇಳುವುದಿಲ್ಲ.

ಮೊದಲು ದೇವಾಲಯದ ವಿಷಯ. ಅದನ್ನು ಕಟ್ಟಿದ್ದು ಊರಿನವರೇ. ಹಗಲೆಲ್ಲ ತಮ್ಮ ತಮ್ಮ ಕೆಲಸ ಮಾಡಿ, ಸಂಜೆ ಹೊಳೆಯಿಂದ ಕಲ್ಲು ಹೊತ್ತು ತಂದು ಕಟ್ಟಿದರಂತೆ. ಗೋಡೆ ಎಷ್ಟು ದಪ್ಪ ಎಂದರೆ ಕಿಟಕಿಯ ಒಳಗೆ ಮಗುವನ್ನು ಮಲಗಿಸಬಹುದು, ಎಷ್ಟೋ ತಾಯಂದಿರು ಮಲಗಿಸಿದ್ದಾರೆ ಕೂಡ. ಗಂಟೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿಯವರೆಗೆ ಬಾಗಿಲ ಬಳಿ ಒಂದು ಕಬ್ಬಿಣದ ತುಂಡು ನೇತುಹಾಕಿ ಬಡಿಯುತ್ತಿದ್ದರು. ಒಳಗೆ ಮೂರ್ತಿಯಿಲ್ಲ, ಚಿತ್ರವಿಲ್ಲ, ಬಣ್ಣದ ಗಾಜಿಲ್ಲ. ಬರೀ ಸುಣ್ಣ. ಕಣ್ಣಿಗೆ ಏನಾದರೂ ಬೇಕಿದ್ದರೆ ಗೋಡೆಯ ಮೇಲಿನ ಅಕ್ಷರವೇ ಗತಿ. ಪ್ರಸಂಗ ಉದ್ದವಾದ ದಿನ ನಾವೆಲ್ಲ ಆ ಎರಡು ಪದಗಳ ಅಂಕುಡೊಂಕನ್ನು ಕಣ್ಣಲ್ಲೇ ತಿದ್ದುತ್ತಾ ಬೆಳೆದವರು.

ಅಜ್ಜನ ಕಾಲದಲ್ಲಿ ಸಭೆಗೆ ಪಾಲಕರಾಗಿ, ಅಂದರೆ ಪಾದ್ರಿಯಾಗಿ, ಇದ್ದವರನ್ನು ದೊಡ್ಡಯ್ಯನವರು ಎಂದು ಕರೆಯುತ್ತಿದ್ದರು. ಆಳೂ ದೊಡ್ಡವರು, ದನಿಯೂ ದೊಡ್ಡದು. ನಮ್ಮ ಊರಿನವರು ಹಾಡುವ ಚಂದ ನೋಡಿ ಅವರಿಗೆ ತಲೆ ಕೆಟ್ಟಿತ್ತು. ಒಬ್ಬರು ಎರಡನೇ ಚರಣದಲ್ಲಿದ್ದರೆ ಇನ್ನೊಬ್ಬರು ಆಮೆನ್ ಹೇಳಿ ಮುಗಿಸಿ ಮನೆಗೆ ಹೊರಡುವ ಯೋಚನೆಯಲ್ಲಿರುತ್ತಿದ್ದರು. ಮಾಡಿನ ಹೆಂಚು ರಿಪೇರಿಯಾಗಿ, ಗೋಡೆಗೆ ಹೊಸ ಗಾರೆ ಬಿದ್ದಾಗ, ಬೋರ್ಡ್ ಬರೆಯುವ ನಮ್ಮಜ್ಜನನ್ನು ಕರೆಸಿ, “ಎಲ್ಲರ ಕಣ್ಣಿಗೂ ಹೊಡೆಯೋ ಹಾಗೆ ‘ಕೂಡಿ ಹಾಡಿರಿ’ ಅಂತ ಬರಿಯಪ್ಪಾ” ಎಂದರು. ಅಜ್ಜ ಅಟ್ಟಣಿಗೆ ಕಟ್ಟಿಸಿಕೊಂಡು ಹತ್ತಿದರು. ಹಲಗೆ ಅಲ್ಲಾಡುತ್ತಿತ್ತು. ದೊಡ್ಡಯ್ಯನವರಿಗೆ ಕೆಳಗೆ ನಿಂತು ನೋಡಲು ಭಯ. “ನಿಂತು ಬರೀಬೇಡ ಮಾರಾಯ, ಬಿದ್ದೀಯ! ಕೂತು! ಕೂತು!” ಎಂದು ಕೂಗುತ್ತಲೇ ಇದ್ದರಂತೆ.

ಬರೆದು ಮುಗಿಸಿದ ಭಾನುವಾರ ಬೇರೆ ಊರಿನ ಸಭೆಗಳಿಂದ ಅತಿಥಿಗಳು ಬಂದಿದ್ದರು. ಗೋಡೆಯ ಬರಹಕ್ಕೆ ಬಟ್ಟೆ ಇಳಿಬಿಟ್ಟಿದ್ದರು. ದೊಡ್ಡಯ್ಯನವರ ನಾಲಿಗೆ ಯಾವಾಗಲೂ ಕಣ್ಣಿಗಿಂತ ಮುಂದೆ ಓಡುತ್ತಿತ್ತು. ಅವರು ಬಟ್ಟೆ ಎಳೆದರು, ತಲೆಯೆತ್ತಿದರು, ಕಟ್ಟಡ ನಡುಗುವ ಹಾಗೆ ಓದಿದರು: “ಕೂತು ಹಾಡಿರಿ!” ನಿಂತಿದ್ದ ಸಭೆ ಧೊಪ್ಪನೆ ಕೂತಿತು. ಅತಿಥಿಗಳೂ ಕೂತರು. ಹಾರ್ಮೋನಿಯಂ ಶುರುವಾಗಿಯೇ ಹೋಯಿತು.

ಆರಾಧನೆ ಮುಗಿದ ಮೇಲೆ ಎಲ್ಲರೆದುರಿಗೇ ಅಜ್ಜನ ವಿಚಾರಣೆ ನಡೆಯಿತು. ಅಜ್ಜ ಕೈಕಟ್ಟಿ ನಿಂತು, “ನೀವೇ ಕೆಳಗಿಂದ ‘ಕೂತು, ಕೂತು’ ಅಂದ್ರಲ್ಲಾ ಅಯ್ಯನವರೇ. ಕಿವಿಗೆ ಬಿದ್ದಿದ್ದನ್ನ ಕೈ ಬರೀತು” ಎಂದರು. ಕೂಗಿದ್ದು ನಿಜ, ಕೇಳಿದವರೂ ಇದ್ದರು. ಅತಿಥಿಗಳೇ ಹೊಟ್ಟೆ ಹಿಡಿದುಕೊಂಡು ನಕ್ಕ ಮೇಲೆ ದೊಡ್ಡಯ್ಯನವರು ಏನು ಮಾಡಿಯಾರು? ಮುಂದಿನ ವಾರ “ಎಲ್ಲರೂ ಏಳಿ” ಎಂದು ನೋಡಿದರು. ಹಿಂದಿನ ಸಾಲಿನ ಮುದುಕರು ಮಾತಾಡದೆ ಗೋಡೆಯ ಕಡೆ ಬೆರಳು ಮಾಡಿದರು. ಅಟ್ಟಣಿಗೆಯ ಕಂಬಗಳನ್ನು ಆಗಲೇ ಬಿಚ್ಚಿ ಒಯ್ದಾಗಿತ್ತು. ಆಮೇಲೆ ತಿದ್ದಿದರಾಯಿತು ಎಂದರು. ಅಷ್ಟರಲ್ಲಿ ಊರಿಗೆ ಕೂತು ಹಾಡುವ ರುಚಿ ಹತ್ತಿತ್ತು.

ಅಜ್ಜನಿಗೆ ಅಂದಿನಿಂದ ಕೂತಣ್ಣ ಎಂದೇ ಹೆಸರಾಯಿತು. ಅಂಗಡಿಗೆ ಬೋರ್ಡ್ ಬರೆಸುವವರು “ಮಧ್ಯದಲ್ಲಿ ನಾನು ಕೆಮ್ಮಿದ್ರೆ ಅದನ್ನೂ ಬರೆದುಬಿಟ್ಟೀಯ, ಹುಷಾರು” ಎನ್ನುತ್ತಿದ್ದರು. ಅಜ್ಜ ಅವರ ಜೊತೆ ತಾವೂ ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ಅಜ್ಜಿ. ಅಜ್ಜಿಗೆ ಮೊದಲ ಹೆರಿಗೆಯಲ್ಲಿ ಸೊಂಟಕ್ಕೆ ಪೆಟ್ಟಾಗಿತ್ತು. ನಡೆಯಬಲ್ಲರು, ಆದರೆ ಒಂದೇ ಕಡೆ ನಿಂತರೆ ಪ್ರಾಣ ಹೋಗುತ್ತಿತ್ತು. ಹಿಂದೆ ಎಲ್ಲರೂ ನಿಂತು ಹಾಡುವ ಕಾಲದಲ್ಲಿ ಅವರೊಬ್ಬರೇ ಬೆಂಚಿನಲ್ಲಿ ಕೂತಿರುತ್ತಿದ್ದರು. ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು “ಮಹಾರಾಣಿ ಕೂತಿದ್ದಾಳೆ, ನಾವು ನಿಂತು ಸೇವೆ ಮಾಡ್ಬೇಕು” ಎಂದದ್ದು ಕಿವಿಗೆ ಬಿದ್ದ ದಿನದಿಂದ ಅಜ್ಜಿ ಹೋಗುವುದನ್ನೇ ಬಿಟ್ಟಿದ್ದರು. ದೊಡ್ಡಯ್ಯನವರು “ಕೂತ್ಕೊಳ್ಳಮ್ಮ, ಯಾರು ಬೇಡ ಅಂತಾರೆ?” ಎಂದು ಹೇಳಿಕಳಿಸಿದರೂ ಹೋಗಲಿಲ್ಲ. ಕೂರುವುದಕ್ಕೆ ಅಪ್ಪಣೆಯಿತ್ತು, ಒಬ್ಬಳೇ ಕೂರುವುದೇ ಕಷ್ಟವಾಗಿತ್ತು. ಊರೆಲ್ಲ ಕೂತ ಮೇಲೆ ತಾವೂ ಹೋಗಿ ಮುಂದಿನ ಬೆಂಚು ಹಿಡಿದರು. “ನಿಮ್ಮಪ್ಪಂಗೆ ಅಕ್ಷರ ನೆಟ್ಟಗೆ ಬರ್ತಿದ್ದಿದ್ರೆ ನಾನು ಇವತ್ತಿಗೂ ಭಾನುವಾರ ಮನೇಲಿ ಪಾತ್ರೆ ತಿಕ್ತಾ ಇರ್ತಿದ್ದೆ” ಎಂದು ಮಕ್ಕಳ ಮುಂದೆ ಹೇಳಿ ಹೇಳಿ ನಗುತ್ತಿದ್ದರು. ಅಜ್ಜ ಪಕ್ಕದಲ್ಲೇ ಕೂತು ಬ್ರಷ್ ತೊಳೆಯುತ್ತಾ “ಹೂಂ, ಹೌದು” ಎನ್ನುತ್ತಿದ್ದರಂತೆ.

ಅತ್ತೆಗೆ ಮಾತ್ರ ಈ ನಗು ಸೇರುತ್ತಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು “ಎದ್ದು ನಿಲ್ಲು” ಎಂದರೆ ಸಾಕು, ಹಿಂದಿನಿಂದ ಯಾರಾದರೂ “ಅವಳ್ಯಾಕೆ ನಿಲ್ತಾಳೆ ಸಾರ್, ಕೂತಣ್ಣನ ಮಗಳು” ಎನ್ನುತ್ತಿದ್ದರು. ಹಟಕ್ಕೆ ಬಿದ್ದವರ ಹಾಗೆ ಅಪ್ಪನ ಹತ್ತಿರ ಬ್ರಷ್ ಹಿಡಿಯುವುದನ್ನು ಕಲಿತರು. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ ಗೆರೆ ಹೊಡೆಯುವುದು, ಅಕ್ಷರದ ಹೊಟ್ಟೆ ಮೊದಲು ತುಂಬುವುದು, ಬಣ್ಣ ಒಣಗಿದ ಮಾರನೆಯ ದಿನ ಪಕ್ಕಕ್ಕೆ ತೆಳ್ಳಗೆ ಬೂದು ನೆರಳು ಎಳೆಯುವುದು, ಎಲ್ಲ ಅಪ್ಪನ ಪಾಠವೇ. ನೆರಳು ಎಳೆದರೆ ಕೆಲಸ ಮುಗಿಯಿತು ಎಂದರ್ಥ, ಆಮೇಲೆ ಅಜ್ಜ ಆ ಬೋರ್ಡ್ ಮುಟ್ಟುತ್ತಿರಲಿಲ್ಲ. ಪದಗಳ ನಡುವಿನ ಜಾಗದ ವಿಷಯದಲ್ಲಂತೂ ಅವರು ರಾಕ್ಷಸ. ಸ್ವಲ್ಪ ಇಕ್ಕಟ್ಟಾದರೂ ಮಗಳ ಕೈಯಲ್ಲಿ ಪೂರಾ ಅಳಿಸಿಸುತ್ತಿದ್ದರು.

“ಹಂಗಾದ್ರೆ ದೇವಾಲಯದ್ದು ಯಾಕಪ್ಪ ಇಕ್ಕಟ್ಟಾಗಿದೆ?” ಎಂದು ಅತ್ತೆ ಒಮ್ಮೆ ಕೇಳಿದ್ದರು. ನಿಜಕ್ಕೂ ಅಲ್ಲಿ ‘ತು’ವಿನ ಬಾಲ ಪಕ್ಕದ ‘ಹಾ’ಗೆ ತಾಗುವಂತಿತ್ತು. ಅಜ್ಜ ಮಗಳ ಮುಖ ನೋಡಿ, “ಆವಾಗ ಇನ್ನೂ ಕಲೀತಿದ್ದೆ” ಎಂದು ಮಾತು ಮುಗಿಸಿದರು.

ಅಜ್ಜ ತೀರಿಕೊಂಡ ಮೇಲೆ ಊರಿನ ಬೋರ್ಡುಗಳೆಲ್ಲ ಅತ್ತೆಯ ಕೈಗೆ ಬಂದವು. ಹೊಲಿಗೆಯಂಗಡಿ, ಔಷಧಿಯಂಗಡಿ, ಹಾಲಿನ ಗಾಡಿ, ಶಾಲೆಯ ಗೋಡೆ, ಎಲ್ಲ ಕಡೆ ಅವರ ಅಕ್ಷರವೇ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಒಂದು ಗೋಡೆಗೆ ಒಣಗಲು ಒರಗಿಸಿದ ಬೋರ್ಡುಗಳು, ಇನ್ನೊಂದು ಗೋಡೆಗೆ ಅಜ್ಜಿಯ ಮಂಚ. ಟರ್ಪೆಂಟೈನ್ ವಾಸನೆ ಇಲ್ಲದಿದ್ದರೆ ಅಜ್ಜಿಗೆ ನಿದ್ದೆ ಬರುವುದಿಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಮಾವ, ಅಂದರೆ ಅತ್ತೆಯ ಗಂಡ, ಬೇಕರಿಯವರು. ವಾರವಿಡೀ ಒಲೆಯ ಮುಂದೆ ನಿಂತೇ ಇರುವ ಮನುಷ್ಯ. “ನನ್ನ ಮಾವನವರು ಪುಣ್ಯಾತ್ಮರು, ಭಾನುವಾರ ಒಂದಿನ ಆದ್ರೂ ಕೂರಿಸಿದ್ರು” ಎನ್ನುತ್ತಿದ್ದರು. ಅತ್ತೆ ಅವರನ್ನು ದುರುಗುಟ್ಟಿಕೊಂಡು ನೋಡುತ್ತಿದ್ದರು. ಬಾಳು ಚೆನ್ನಾಗಿಯೇ ನಡೆದಿತ್ತು. ಕೈತುಂಬ ಕೆಲಸ, ಮನೆತುಂಬ ಬ್ರೆಡ್ಡು. ಒಂದೇ ಒಂದು ಆಸೆ ಬಾಕಿ ಇತ್ತು. ಎಂದಾದರೂ ಒಂದು ದಿನ ಆ ‘ತು’ವನ್ನು ಕೆರೆದು ‘ಡಿ’ ಬರೆದು ಅಪ್ಪನ ಹೆಸರಿಗೆ ಹತ್ತಿದ ಕಲೆ ಒರೆಸಬೇಕು.

ಅದು ಸುಲಭದ ಮಾತಾಗಿರಲಿಲ್ಲ. ಇಷ್ಟು ವರ್ಷಗಳಲ್ಲಿ ದೇವಾಲಯವೇ ಆ ತಪ್ಪಿಗೆ ತಕ್ಕಂತೆ ತಿರುಗಿಕೊಂಡಿತ್ತು. ಯಾರೂ ಏಳುವುದಿಲ್ಲವಲ್ಲ ಎಂದು ಬಡಗಿ ಬೆಂಚುಗಳನ್ನು ಒತ್ತೊತ್ತಾಗಿ ಜೋಡಿಸಿ ಇನ್ನೊಂದಷ್ಟು ಸಾಲು ಸೇರಿಸಿದ್ದ. ದೀಪಗಳು ಕೂತವರ ಪುಸ್ತಕಕ್ಕೆ ಬೆಳಕು ಬೀಳುವಷ್ಟು ಕೆಳಗೆ ತೂಗುತ್ತಿದ್ದವು. ಗಾಳಿಗೆ ಕೊರೆದ ಹೊಸ ಕಿಟಕಿಗಳೂ ಕೂತವರ ಕಿವಿಯ ಮಟ್ಟಕ್ಕೇ ಇದ್ದವು. ಹೊಸದಾಗಿ ಬಂದ ಪಾಲಕರು, ಒಳ್ಳೆಯ ಹುಡುಗ, ಒಂದು ಭಾನುವಾರ ಎಲ್ಲರನ್ನೂ ನಿಲ್ಲಿಸಿ ಹಾಡಿಸಿ ನೋಡಿದರು. ಮೊಣಕಾಲು ಮುಂದಿನ ಬೆಂಚಿಗೆ, ತಲೆ ದೀಪಕ್ಕೆ. ಅರ್ಧ ಬಗ್ಗಿ ನಿಂತ ಸಭೆ ಹಾಡಿದ್ದಕ್ಕಿಂತ ನರಳಿದ್ದೇ ಹೆಚ್ಚು.

ಆದರೂ ಪಾಲಕರು ಬಿಡಲಿಲ್ಲ. ದೇವಾಲಯದ ನೂರನೇ ವರ್ಷ ಹತ್ತಿರ ಬರುತ್ತಿತ್ತು, ಅತಿಥಿಗಳು ಬರುವವರಿದ್ದರು. ಬೆಂಚು ಸರಿಸೋಣ, ದೀಪ ಏರಿಸೋಣ, ಗೋಡೆ ತಿದ್ದೋಣ ಎಂದರು. ಸಭೆಯ ಹಿರಿಯರು ಗೊಣಗುತ್ತಾ ಒಪ್ಪಿದರು. ಪಾಲಕರು ಮನೆಗೇ ಬಂದು ಅತ್ತೆಯನ್ನು ಕೇಳಿದಾಗ ಅತ್ತೆ ಆಗಲೇ ಬ್ರಷ್ ಡಬ್ಬಿಗೆ ಕೈ ಹಾಕಿದರು. ಅಜ್ಜಿ ಮಂಚದಿಂದಲೇ, “ತಿದ್ದಲಿ ಬಿಡಿ. ನಾನೀಗ ಮುದುಕಿ, ಒಬ್ಬಳೇ ಕೂತ್ರೂ ಯಾರೂ ಏನೂ ಅನ್ನಲ್ಲ” ಎಂದರು. ಆ ರಾತ್ರಿ ಅತ್ತೆ ಮಾವನಿಗೆ ಎರಡು ಸಲ ಊಟ ಬಡಿಸಿದರು. ಅಷ್ಟು ಖುಷಿ.

ಅಟ್ಟಣಿಗೆ ಏರಿತು. ಅತ್ತೆ ಸೀರೆಯ ಸೆರಗು ಬಿಗಿದು ಮೇಲೆ ಹತ್ತಿದರು. ಪಾಲಕರಿಗೆ ಕೆಳಗೆ ನಿಂತು ನೋಡಲು ಭಯ. “ಅಮ್ಮಾ, ನಿಂತು ಬರೀಬೇಡಿ, ದಯವಿಟ್ಟು ಕೂತು ಬರೀರಿ!” ಎಂದು ಮೊದಲ ದಿನವಿಡೀ ಕೂಗಿ ಕೂಗಿ, ದನಿ ಬಿದ್ದು ಮನೆಗೆ ಹೋದರು.

ಎರಡನೆಯ ದಿನ ನಾನು ಚಹಾ ತೆಗೆದುಕೊಂಡು ಹೋದೆ. ಒಳಗೆ ಬೇರೆ ಯಾರೂ ಇರಲಿಲ್ಲ. ಕೆರೆಯುವ ಸದ್ದು ಕೇಳಿಸಲಿಲ್ಲ. ಅತ್ತೆ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಗೋಡೆ ನೋಡುತ್ತಾ ಕೂತಿದ್ದರು.

“ಅತ್ತೆ, ಚಹಾ ಆರುತ್ತೆ.”

“ಮೇಲೆ ಬಾರೇ” ಎಂದರು.

ಏಣಿ ಹತ್ತಿದೆ. ಅತ್ತೆ ‘ತು’ವನ್ನು ಪೂರ್ತಿ ಕೆರೆದು ತೆಗೆದಿದ್ದರು. ಅದರ ಕೆಳಗೆ ಬಿಳಿ ಬಣ್ಣದ ಒಂದು ಚೌಕ. ಆ ಬಿಳಿಯನ್ನೂ ಅರ್ಧ ಎಬ್ಬಿಸಿದ್ದರು. ಅದರ ಕೆಳಗೆ ಮತ್ತೆ ನೀಲಿ. ಸ್ಪಷ್ಟವಾಗಿ, ದುಂಡಗೆ, ಹೊಳೆಯುವ ಹಾಗೆ ಒಂದು ‘ಡಿ’.

“ಅಜ್ಜ ಮೊದಲು ಸರಿಯಾಗೇ ಬರೆದಿದ್ರಾ?” ಎಂದೆ.

“ಬರೆದಿದ್ದಷ್ಟೇ ಅಲ್ಲ ಕಣೆ. ಇಲ್ನೋಡು.” ಅತ್ತೆ ಬೆರಳಿನಿಂದ ಅಕ್ಷರದ ಪಕ್ಕ ಸವರಿದರು. ತೆಳ್ಳಗೆ ಬೂದು ನೆರಳು. “ನೆರಳು ಎಳೆದಿದ್ದಾರೆ. ಬಣ್ಣ ಒಣಗಿ, ಮಾರನೇ ದಿನ ಬಂದು, ಕೆಲಸ ಮುಗಿಸಿದ್ದಾರೆ. ಆಮೇಲೆ ಮತ್ತೊಂದಿನ ಬಂದು ಬಿಳಿ ಹೊಡೆದು ‘ತು’ ಬರೆದಿದ್ದಾರೆ. ‘ಡಿ’ಗೆ ಇಟ್ಟ ಜಾಗದಲ್ಲಿ ‘ತು’ ಹಿಡೀಲಿಲ್ಲ. ಅದಕ್ಕೇ ಇಕ್ಕಟ್ಟು. ಕಿವಿ ತಪ್ಪಿ ಬರೆದೋರು ಹಿಂಗೆ ಬರೀತಾರಾ?”

ನನಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಚಹಾದ ಲೋಟವನ್ನು ಹಲಗೆಯ ಮೇಲಿಟ್ಟು ಆ ‘ಡಿ’ಯನ್ನು ಮತ್ತೊಮ್ಮೆ ನೋಡಿದೆ. ಅಜ್ಜ ತಪ್ಪು ಮಾಡಿರಲಿಲ್ಲ. ಹೆಂಡತಿ ಒಬ್ಬಳೇ ಕೂರಬಾರದೆಂದು ಊರನ್ನೇ ಕೂರಿಸಿದ್ದರು. ಆಮೇಲೆ ಸಾಯುವವರೆಗೂ ಪೆದ್ದನ ವೇಷ ಹಾಕಿಕೊಂಡು, ಆ ಹೆಂಡತಿಯೇ ನಕ್ಕಾಗಲೂ “ಹೂಂ, ಹೌದು” ಎಂದಿದ್ದರು. ಅತ್ತೆ ಅಳುತ್ತಿದ್ದರು. ಅಳುತ್ತಲೇ, “ನಾನು ಚಿಕ್ಕೋಳಿದ್ದಾಗ ಅಪ್ಪನ ಜೊತೆ ರಸ್ತೇಲಿ ನಡೆಯೋಕೆ ನಾಚಿಕೆ ಪಡ್ತಿದ್ದೆ ಕಣೆ” ಎಂದರು. ಸೆರಗಿನಿಂದ ಮುಖ ಒರೆಸಿಕೊಂಡರು, ಕೆನ್ನೆಗೆಲ್ಲ ನೀಲಿ ಪುಡಿ ಹತ್ತಿತು.

ಮನೆಗೆ ಹೋಗಿ ಅಜ್ಜಿಯ ಮಂಚದ ಮೇಲೆ ಕೂತು ಅತ್ತೆ ಎಲ್ಲ ಹೇಳಿದರು. ಅಜ್ಜಿ ಮೊದಲು ನಂಬಲಿಲ್ಲ. “ಹೋಗೇ, ಆ ಮನುಷ್ಯನಿಗೆ ಅಷ್ಟು ತಲೆ ಎಲ್ಲಿತ್ತು?” ಎಂದರು. ಅತ್ತೆ ನೆರಳಿನ ವಿಷಯ ಇನ್ನೊಮ್ಮೆ ಹೇಳಿದರು. ಬೋರ್ಡ್ ಬರೆಯುವವನ ಹೆಂಡತಿಗೆ ನೆರಳು ಎಂದರೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಜ್ಜಿ ಗೋಡೆಗೆ ಒರಗಿಸಿದ ಬೋರ್ಡುಗಳ ಕಡೆ ತಿರುಗಿದರು.

“ಮುಂದಿನ ಬೆಂಚಲ್ಲಿ ನನ್ನ ಪಕ್ಕದಲ್ಲೇ ಕೂತು ಹಾಡ್ತಿದ್ರಲ್ಲೇ” ಎಂದರು. “ಒಂದಿನ, ಒಂದೇ ಒಂದಿನ ಬಾಯಿಬಿಟ್ಟಿದ್ರೆ ಏನಾಗ್ತಿತ್ತು? ನಾನು ಇಷ್ಟು ವರ್ಷ ನಕ್ಕೆನಲ್ಲೇ.”

“ಹೇಳಿದ್ರೆ ನೀನು ನಾಚ್ಕೊಂಡು ಮತ್ತೆ ಮನೇಲಿ ಕೂರ್ತಿದ್ದೆ” ಎಂದರು ಅತ್ತೆ.

“ಅದೂ ನಿಜ.” ಅಜ್ಜಿ ಕಣ್ಣೊರೆಸಿಕೊಂಡು ನಕ್ಕರು. ನಗು ಈ ಸಲ ಬೇರೆ ಥರ ಇತ್ತು.

ಅತ್ತೆಗೆ ಈಗ ಬೇರೆಯೇ ಆಸೆ ಹುಟ್ಟಿತ್ತು. ಪಾಲಕರನ್ನು, ಹಿರಿಯರನ್ನು, ಊರನ್ನೇ ಅಟ್ಟಣಿಗೆಯ ಮೇಲೆ ಹತ್ತಿಸಿ ಆ ‘ಡಿ’ ತೋರಿಸಬೇಕು. ಕೂತಣ್ಣ ಎಂದು ನಕ್ಕವರ ಬಾಯಿ ಮುಚ್ಚಿಸಬೇಕು. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಿದ್ದರು. ಅಜ್ಜಿ ತಡೆದರು.

“ಅವರು ಮುಚ್ಚಿಟ್ಟಿದ್ದನ್ನ ನೀನು ತೆರೀಬೇಡ ಕಣೆ. ತೋರಿಸಿದ್ರೆ ಆಮೇಲೆ ಎಲ್ಲರೂ ನನ್ನ ಸೊಂಟ ನೋಡ್ಕೊಂಡು ಕೂರ್ತಾರೆ. ನಾಳೆ ಇನ್ಯಾರೋ ಒಬ್ಬಳು ಬರ್ತಾಳೆ, ನಿಲ್ಲೋಕಾಗದೋಳು. ಅವಳಿಗೂ ಗೊತ್ತಾಗಬಾರದು, ಪಕ್ಕದೋಳಿಗೂ ಗೊತ್ತಾಗಬಾರದು. ನಿಮ್ಮಪ್ಪ ಮಾಡಿದ್ದು ಅದೇ ಅಲ್ವಾ?”

ಅತ್ತೆ ಬಾಗಿಲಲ್ಲೇ ನಿಂತರು. ಹುಟ್ಟಿದಾಗಿನಿಂದ ಕಾದದ್ದು ಕೈಗೆ ಬಂದಿತ್ತು, ಬಿಡುವುದು ಅಷ್ಟು ಸುಲಭವೇ? ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಬ್ರಷ್‌ಗಳನ್ನು ಆರಿಸತೊಡಗಿದರು. ಆ ವಾರ ಯಾರನ್ನೂ ಅಟ್ಟಣಿಗೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಭಾನುವಾರ ಬಂತು. ಬೆಂಚುಗಳು ದೂರ ದೂರ ಸರಿದಿದ್ದವು, ದೀಪಗಳು ಮೇಲೇರಿದ್ದವು, ಅತಿಥಿಗಳು ಬಂದಿದ್ದರು. ಪಾಲಕರು ಅಜ್ಜಿಯೊಬ್ಬರನ್ನು ಬಿಟ್ಟು ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ ಬಟ್ಟೆ ಎಳೆದರು. ಇವರು ಓದುವ ಮುಂಚೆ ನೋಡುವ ಜಾತಿಯವರು, ಬಾಯಿ ತೆರೆದವರು ಹಾಗೇ ನಿಂತರು. ಹೊಸ ನೀಲಿ, ಹೊಸ ನೆರಳು, ಈ ಸಲ ಪದಗಳ ನಡುವೆ ಕೈಯಗಲದ ಸರಿಯಾದ ಜಾಗ: ಕೂತು ಹಾಡಿರಿ.

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಕೈಕಟ್ಟಿ ನಿಂತು, ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ, “ನೀವೇ ಕೆಳಗಿಂದ ‘ಕೂತು, ಕೂತು’ ಅಂದ್ರಲ್ಲಾ ಅಯ್ಯನವರೇ” ಎಂದರು.

ಹಿಂದಿನ ಸಾಲಿನಿಂದ ಒಬ್ಬ ಮುದುಕ, “ಅಪ್ಪನ ಮಗಳೇ ಸರಿ!” ಎಂದದ್ದೇ ತಡ, ಇಡೀ ದೇವಾಲಯ ನಕ್ಕಿತು. ಪಾಲಕರೂ ತಡೆಯಲಾರದೆ ನಕ್ಕರು. ಮೊದಲು ಕೂತವರು ನಮ್ಮ ಮಾವ. ಅವರ ಹಿಂದೆ ಸಾಲುಸಾಲಾಗಿ ಸಭೆ ಕೂತಿತು. ಅತಿಥಿಗಳು ಸ್ವಲ್ಪ ಹೊತ್ತು ನಿಂತಿದ್ದು, ಸುತ್ತ ನೋಡಿ, ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ಕೂತರು. ಹಾರ್ಮೋನಿಯಂ ಶುರುವಾಯಿತು.

ಮುಂದಿನ ಬೆಂಚಿನಲ್ಲಿ ಅಜ್ಜಿ ಎರಡೂ ಕೈಯಲ್ಲಿ ಎದುರಿನ ಮರದ ಕಟಕಟೆ ಹಿಡಿದು ಎದ್ದರು. ಕೀರ್ತನೆಗೆ ಅವರು ಎದ್ದು ನಿಂತದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಅತ್ತೆ ಗಾಬರಿಯಾಗಿ ಸೆರಗು ಎಳೆದು, “ಅಮ್ಮಾ, ಕೂತ್ಕೋ” ಎಂದರು.

“ಒಂದು ಚರಣ” ಎಂದರು ಅಜ್ಜಿ. “ಒಂದೇ ಒಂದು ಚರಣ ನಿಲ್ತೀನಿ, ಬಿಡೇ.”

ಕೂತ ಊರಿನ ನಡುವೆ ಒಬ್ಬರೇ ನಿಂತು, ಗೋಡೆಯ ಅಕ್ಷರ ನೋಡುತ್ತಾ, ಕಾಲು ನಡುಗುತ್ತಿದ್ದರೂ ಚರಣ ಪೂರಾ ಹಾಡಿದರು. ನನ್ನ ಹಿಂದೆ ಯಾರೋ “ಪಾಪ, ಅಜ್ಜಿಗೆ ಕಣ್ಣು ಕಾಣಲ್ಲ, ಏನು ಬರೆದಿದೆ ಅಂತ ಯಾರಾದ್ರೂ ಹೇಳಿ” ಎಂದು ಪಿಸುಗುಟ್ಟಿದರು. ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಚರಣ ಮುಗಿಯಿತು. ಅಜ್ಜಿ ಮೆಲ್ಲಗೆ ಕೂತು, ಸೆರಗು ಸರಿಮಾಡಿಕೊಂಡು, ಎಂದಿನಂತೆ ಎಲ್ಲರಿಗಿಂತ ಒಂದು ಸಾಲು ಮುಂದೆ ಹಾಡುತ್ತಾ ಹೋದರು.